ಕಠ್ಮಂಡುವಿನ ಗುರುಕುಲ, ಕಚಹರಿ ನಾಟಕ, ಡಬಲಿ: ಹಳೆ ಆಟವನ್ನು ಹೊಸ ರಂಗಕ್ಕೆ ಹೇಗೆ ತರಬೇಕು?

ತುಂಗೆಯ ತಡಿ

ಎಲ್ಲರಿಗೂ ನಮಸ್ಕಾರ. ಬಯಲಾಟವನ್ನು ಹೊಸ ನಾಟಕದಲ್ಲಿ ಬಳಸೋದರ ಬಗ್ಗೆ ಹೋದ ತಿಂಗಳು ಇಲ್ಲಿ ಜೋರು ಚರ್ಚೆ ಆಯ್ತಲ್ಲ, ಆಗೆಲ್ಲ ನನಗೆ ನೇಪಾಳದ ಒಂದು ತಂಡ ನೆನಪಾಗುತ್ತಿತ್ತು. ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಓದಿ.

2009ರಿಂದ 2011ರವರೆಗೆ ನಾನು ಕೆಲಸದ ಮೇಲೆ ಕಠ್ಮಂಡುವಿನಲ್ಲಿದ್ದೆ. ಮನೆ ಮಾಡಿದ್ದು ಪುರಾನೊ ಬಾನೇಶ್ವರದ ಹತ್ತಿರ. ನಾನು ಹೋದ ಚಳಿಗಾಲದಲ್ಲಿ ದಿನಕ್ಕೆ 16 ಗಂಟೆವರೆಗೂ ಕರೆಂಟ್ ಇರುತ್ತಿರಲಿಲ್ಲ. ಕತ್ತಲ ಮನೆಯಲ್ಲಿ ಕಂಬಳಿ ಹೊದ್ದು ಕೂರೋದು ಬಿಟ್ಟರೆ ಬೇರೆ ಕೆಲಸ ಇಲ್ಲ. ಪಕ್ಕದ ಮನೆಯ ದೀದಿ ಒಂದು ಸಂಜೆ ‘ಬಾ, ನಾಟಕ ನೋಡೋಣ’ ಅಂತ ಎಳೆದುಕೊಂಡು ಹೋದರು. ಹಾಗೆ ನಾನು ಗುರುಕುಲ ನೋಡಿದ್ದು.

‘ಆರೋಹಣ್’ ಅನ್ನೋ ನಾಟಕ ತಂಡವನ್ನು ಸುನಿಲ್ ಪೋಖರೇಲ್ 1982ರಲ್ಲಿ ಕಟ್ಟಿದರು. ಆಮೇಲೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದರು. 2002ರಲ್ಲಿ ಇದೇ ತಂಡ ಪುರಾನೊ ಬಾನೇಶ್ವರದಲ್ಲಿ ಗುರುಕುಲ ಶುರು ಮಾಡಿತು. ಹುಡುಗ ಹುಡುಗಿಯರು ಅಲ್ಲೇ ಇದ್ದು, ಅಲ್ಲೇ ಅಡುಗೆ ಮಾಡಿಕೊಂಡು ನಾಟಕ ಕಲಿಯುತ್ತಿದ್ದರು. ಎರಡು ರಂಗಮಂದಿರ. ಒಂದಕ್ಕೆ ಬಾಲಕೃಷ್ಣ ಸಮ ಅವರ ಹೆಸರು, ಇನ್ನೊಂದಕ್ಕೆ ಗೋಪಾಲ್ ಪ್ರಸಾದ್ ರಿಮಾಲ್ ಅವರ ಹೆಸರು. ಇಬ್ಬರೂ ನೇಪಾಳಿ ನಾಟಕಕ್ಕೆ ಹೊಸ ದಾರಿ ಹಾಕಿಕೊಟ್ಟವರು.

ಒಳಗೆ ಆಡುತ್ತಿದ್ದ ನಾಟಕಗಳು ಚೆನ್ನಾಗಿದ್ದವು. ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕದ ನೋರಾ ಅಲ್ಲಿ ನೇಪಾಳಿ ಮನೆಯ ಸೊಸೆಯಾಗಿದ್ದಳು. ಆದರೆ ನಾನು ಹೇಳಬೇಕು ಅಂತಿರೋದು ಹೊರಗೆ ಆಡುತ್ತಿದ್ದ ಕಚಹರಿ ನಾಟಕದ ಬಗ್ಗೆ.

ಕಚಹರಿ ಅಂದರೆ ನಮ್ಮ ಕಚೇರಿ, ಅದೇ ಪದ. ಹಳ್ಳಿಯಲ್ಲಿ ಜಗಳ ಬಂದಾಗ ಹಿರಿಯರೆಲ್ಲ ಕೂತು ಮಾತಾಡೋ ಕಟ್ಟೆ ಪಂಚಾಯಿತಿ ಇದೆಯಲ್ಲ, ಅದಕ್ಕೂ ಅಲ್ಲಿ ಇದೇ ಹೆಸರು. ಬ್ರೆಜಿಲ್‌ನ ಆಗಸ್ಟೋ ಬೋಆಲ್ ಪ್ರೇಕ್ಷಕರನ್ನೇ ಎಬ್ಬಿಸಿ ಪಾತ್ರ ಮಾಡಿಸೋ ನಾಟಕದ ಒಂದು ಬಗೆ ಹುಟ್ಟುಹಾಕಿದ್ದರು. ಅದನ್ನು ಇವರು ಈ ಕಟ್ಟೆ ಪಂಚಾಯಿತಿಗೆ ತಂದು ಕೂಡಿಸಿದರು.

ನಾನು ನೋಡಿದ ಮೊದಲ ಆಟ ಒಂದು ಅಂಗಳದಲ್ಲಿ. ಒಬ್ಬ ಹುಡುಗ ಮಾದಲ್ ಅನ್ನೋ ಡೋಲು ಬಾರಿಸಿದ. ಜನ ಬಂದು ಸುತ್ತ ನಿಂತರು. ಕಥೆ ಇಷ್ಟೇ. ಮಗನಿಗೆ ಪೌರತ್ವದ ಕಾಗದ ಬೇಕು, ತಾಯಿ ಕೇಳೋಕೆ ಹೋಗಿದ್ದಾಳೆ. ಗಂಡ ಕೊಲ್ಲಿ ದೇಶಕ್ಕೆ ಹೋದವನು ವಾಪಸ್ ಬಂದಿಲ್ಲ. ಗುಮಾಸ್ತ ತಲೆ ಎತ್ತದೆ ಕೇಳುತ್ತಾನೆ, ‘ಅಪ್ಪ ಎಲ್ಲಿ?’ ಅವಳು ಏನು ಹೇಳಿದರೂ ಮತ್ತೆ ಅದೇ, ‘ಅಪ್ಪ ಎಲ್ಲಿ?’ ಆಕೆ ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡು ಎದ್ದಳು. ಆಟ ಅಲ್ಲಿಗೆ ನಿಂತಿತು. ನಡೆಸಿಕೊಡುತ್ತಿದ್ದ ಹುಡುಗ ನಮ್ಮ ಕಡೆ ತಿರುಗಿ ಕೇಳಿದ: ‘ಈಗ ಏನು ಮಾಡೋಣ?’

ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದರು. ದೇವಸ್ಥಾನಕ್ಕೆ ಹೋಗುವಾಗ ಬಿಡ್ತೀವಲ್ಲ, ಹಾಗೆ. ನಟಿಯ ಭುಜ ಮುಟ್ಟಿ ‘ನೀನು ಏಳು’ ಅಂದರು. ಕುರ್ಚಿಯಲ್ಲಿ ತಾವೇ ಕೂತರು. ಗುಮಾಸ್ತ ಕೇಳಿದ, ‘ಅಪ್ಪ ಎಲ್ಲಿ?’ ಅಜ್ಜಿ ಹೇಳಿದರು, ‘ಇವನು ಹುಟ್ಟಿದಾಗ ಅಪ್ಪ ಇರಲಿಲ್ಲ. ನಾನಿದ್ದೆ. ಬಿಸಿನೀರು ಕಾಯಿಸಿದ್ದು ನಾನು. ನನ್ನ ಹೆಸರು ಬರೆದುಕೋ.’

ಗುಮಾಸ್ತನ ಪಾತ್ರದ ಹುಡುಗನಿಗೆ ಉತ್ತರ ಸಿಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬರು ‘ನಾನೂ ಸಾಕ್ಷಿ’ ಅಂತ ಬಂದರು. ಆಮೇಲೆ ಮತ್ತಿಬ್ಬರು. ನಡೆಸುತ್ತಿದ್ದ ಹುಡುಗ ಭೇಷ್ ಅನ್ನಲಿಲ್ಲ. ‘ನಿಜವಾದ ಆಫೀಸಲ್ಲಿ ಹೀಗಾಗುತ್ತಾ?’ ಅಂತ ಕೇಳಿದ. ಅರ್ಧ ಜನ ಆಗಲ್ಲ ಅಂದರು. ಅಲ್ಲಿಂದ ಶುರುವಾದ ಮಾತು ಕತ್ತಲಾಗುವವರೆಗೂ ನಡೆಯಿತು.

ಅದೇ ವರ್ಷ ಕಾರ್ತಿಕದಲ್ಲಿ ಕಠ್ಮಂಡುವಿನ ಪಕ್ಕದ ಊರು ಪಾಟನ್‌ನ ದರಬಾರ್ ಚೌಕದಲ್ಲಿ ಕಾರ್ತಿಕ ನಾಚ್ ನೋಡಿದೆ. 17ನೇ ಶತಮಾನದಲ್ಲಿ ಸಿದ್ಧಿನರಸಿಂಹ ಮಲ್ಲ ರಾಜ ಶುರು ಮಾಡಿಸಿದ ಆಟ. ಚೌಕದಲ್ಲಿ ಕಲ್ಲಿನ ಎತ್ತರದ ಜಗಲಿ ಇದೆ, ಅದಕ್ಕೆ ಡಬಲಿ ಅಂತಾರೆ. ಅದರ ಮೇಲೆ ನರಸಿಂಹ ಬಂದು ಹಿರಣ್ಯಕಶಿಪುವನ್ನು ಮುಟ್ಟಿದ ಕೂಡಲೇ ಆ ಪಾತ್ರಧಾರಿ ದೊಪ್ಪನೆ ಬಿದ್ದರು. ಎತ್ತಿಕೊಂಡು ಹೋಗಿ ತೀರ್ಥ ಚಿಮುಕಿಸಿ ಎಚ್ಚರ ಮಾಡಿದರು. ನನ್ನ ಪಕ್ಕದಲ್ಲಿ ಒಬ್ಬ ತಾಯಿ ಮಗುವನ್ನು ಎತ್ತಿ ಹಿಡಿದು ಕೈ ಮುಗಿಸುತ್ತಿದ್ದರು.

ಎರಡೂ ಕಡೆ ಜನ ಸುತ್ತ ನಿಂತಿದ್ದರು. ಎರಡೂ ಕಡೆ ನೋಡುವವರು ಸುಮ್ನೆ ನೋಡುವವರಾಗಿ ಉಳಿಯಲಿಲ್ಲ. ನನಗೆ ಅನಿಸೋದು ಇದು: ಹಳೆಯದನ್ನು ಹೊಸ ನಾಟಕಕ್ಕೆ ತರೋದು ಅಂದರೆ ಮುಖವಾಡ, ಡೋಲು, ಹೆಜ್ಜೆ ತರೋದು ಅಂತ ನಾವು ಅಂದುಕೊಂಡಿದ್ದೇವೆ. ಗುರುಕುಲದವರು ಮೊದಲು ತಂದಿದ್ದು ಊರು ಸೇರುವ ರೀತಿಯನ್ನು. ಹೆಜ್ಜೆ, ಹಾಡು ಆಮೇಲೆ ಬಂತು. ನಿಮಗೆ ಏನನಿಸುತ್ತೆ?

ಚೌಕಿಮನೆ

ಮೇಡಂ, ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದು ಓದಿ ಒಂದು ನಿಮಿಷ ಹಾಗೇ ಕೂತುಬಿಟ್ಟೆ. ನಾವು ಬಳ್ಳಾರಿ ಕಡೆ ಹಳ್ಳಿಗಳಲ್ಲಿ ಬೀದಿನಾಟಕ ಮಾಡುವಾಗಲೂ ಒಬ್ಬ ಮುದುಕ ಪ್ರತಿ ಸಲ ಟವೆಲ್ ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ನೀವು ಗುರುಕುಲದ ಬಗ್ಗೆ ಹೇಳಿದ್ದು ಹೆಗ್ಗೋಡಿನ ನೀನಾಸಮ್ ತರಹ ಕೇಳಿಸಿತು. ಅಲ್ಲೂ ಹೀಗೇ ಅಲ್ವಾ? 1949ರಲ್ಲಿ ಊರಿನ ಹವ್ಯಾಸಿ ತಂಡವಾಗಿ ಶುರುವಾಗಿ, 1980ರಲ್ಲಿ ನಾಟಕ ಶಾಲೆ ಬಂತು, 1985ರಲ್ಲಿ ತಿರುಗಾಟ ಬಂತು. ಆದರೆ ಕಠ್ಮಂಡು ರಾಜಧಾನಿ, ಹೆಗ್ಗೋಡು ಹಳ್ಳಿ. ಅಲ್ಲಿ ಬೀದಿನಾಟಕ ಗುರುಕುಲದಿಂದಲೇ ಶುರುವಾಯ್ತಾ? ಅದಕ್ಕೂ ಮೊದಲು ಇತ್ತಾ?

ತುಂಗೆಯ ತಡಿ

ಮೊದಲೇ ಇತ್ತು ಸರ್. ಒಳ್ಳೆ ಪ್ರಶ್ನೆ ಕೇಳಿದಿರಿ.

ಅಲ್ಲಿ ಬೀದಿನಾಟಕ ಅಂದ ಕೂಡಲೇ ಜನ ಹೇಳೋ ಹೆಸರು ಅಶೇಷ್ ಮಲ್ಲ. ಅವರ ತಂಡದ ಹೆಸರು ‘ಸರ್ವನಾಮ’. ನಮ್ಮ ವ್ಯಾಕರಣದ ಅದೇ ಸರ್ವನಾಮ. ನಾನು, ನೀನು, ಅವನು, ನಾವು. ಈ ಹೆಸರು ಕೇಳಿದಾಗಲೇ ನನಗೆ ಆ ತಂಡದ ಮೇಲೆ ಪ್ರೀತಿ ಬಂತು. 1982ರಲ್ಲಿ ಕೀರ್ತಿಪುರದ ತ್ರಿಭುವನ್ ವಿಶ್ವವಿದ್ಯಾಲಯದ ಬಯಲಲ್ಲಿ ಅವರು ‘ನಾವು ವಸಂತವನ್ನು ಹುಡುಕುತ್ತಿದ್ದೇವೆ’ ಅನ್ನೋ ಅರ್ಥದ ಹೆಸರಿನ ಬೀದಿನಾಟಕ ಆಡಿಸಿದರು.

ಅದು ಪಂಚಾಯತ್ ವ್ಯವಸ್ಥೆಯ ಕಾಲ. ರಾಜಕೀಯ ಪಕ್ಷಗಳಿಗೆ ನಿಷೇಧ ಇತ್ತು. ರಾಜನ ವಿರುದ್ಧ ಬಾಯಿ ಬಿಡೋ ಹಾಗಿರಲಿಲ್ಲ. ಅಂಥ ಹೊತ್ತಲ್ಲಿ ‘ವಸಂತ’ ಅಂದರೆ ಏನು ಅಂತ ನೋಡುವವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಂಚಾಯತ್ ವ್ಯವಸ್ಥೆ ಬಿದ್ದಿದ್ದು 1990ರ ಜನಾಂದೋಲನದಲ್ಲಿ.

ಇದಕ್ಕೂ ಹಳೆಯ ಒಂದು ಬೇರು ಇದೆ. ಗಾಯಿ ಜಾತ್ರೆ. ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಹಸುವನ್ನೋ, ಹಸುವಿನ ವೇಷ ಹಾಕಿದ ಮಗುವನ್ನೋ ಊರಲ್ಲಿ ಮೆರವಣಿಗೆ ಮಾಡಿಸುತ್ತಾರೆ. ಅದೇ ದಿನ ವೇಷ ಹಾಕಿ ಅಧಿಕಾರದಲ್ಲಿರುವವರನ್ನು ಗೇಲಿ ಮಾಡೋದಕ್ಕೂ ಬಿಡುವು. ಸಾವಿನ ಮನೆಯವರು ನಗಲಿ ಅಂತ ಪ್ರತಾಪ ಮಲ್ಲ ರಾಜ ಈ ಪದ್ಧತಿ ತಂದ ಅಂತ ಕಥೆ ಹೇಳುತ್ತಾರೆ, ಮಗ ಸತ್ತು ರಾಣಿ ನಗೋದನ್ನೇ ಬಿಟ್ಟಿದ್ದಳಂತೆ. ಪಂಚಾಯತ್ ಕಾಲದಲ್ಲೂ ಈ ಒಂದು ದಿನ ಮಾತ್ರ ಗೇಲಿ ನಡೆಯುತ್ತಿತ್ತು. ನಮ್ಮಲ್ಲಿ ಹೋಳಿಯ ಹೊತ್ತಿಗೆ ಸೋಗು ಹಾಕುತ್ತಾರಲ್ಲ, ಹಾಗೆ. ವರ್ಷಕ್ಕೊಮ್ಮೆ ಬಾಗಿಲು ತೆರೆದು ಗೊತ್ತಿದ್ದ ಜನ ಬೀದಿನಾಟಕವನ್ನು ಬೇಗ ತಮ್ಮದು ಮಾಡಿಕೊಂಡರು ಅಂತ ನನ್ನ ಲೆಕ್ಕ.

2005ರ ಫೆಬ್ರವರಿ 1ರಂದು ರಾಜ ಜ್ಞಾನೇಂದ್ರ ಅಧಿಕಾರ ಕೈಗೆ ತೆಗೆದುಕೊಂಡರು. ಆಗ ಕವಿಗಳು, ನಾಟಕದವರು ಮತ್ತೆ ಬೀದಿಗೆ ಬಂದರು. ಗುರುಕುಲದವರೂ ಇದ್ದರು. 2006ರ ಏಪ್ರಿಲ್‌ನಲ್ಲಿ 19 ದಿನ ನಡೆದ ಆಂದೋಲನದ ನಂತರ ರಾಜ ಆ ಅಧಿಕಾರ ಬಿಟ್ಟುಕೊಡಬೇಕಾಯಿತು. ನನ್ನ ಪಕ್ಕದ ಮನೆ ದೀದಿ ಆ ದಿನಗಳ ಬಗ್ಗೆ ಹೇಳುವಾಗ ಭಾಷಣಕ್ಕಿಂತ ನಾಟಕದ ಸಾಲುಗಳನ್ನೇ ಜಾಸ್ತಿ ಹೇಳುತ್ತಿದ್ದರು.

ಕಡಲತಡಿ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ.

ಕಚಹರಿ ನಾಟಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೇವರ ಕುಣಿತ, ಮೈಮೇಲೆ ಬರೋ ಆಚರಣೆ, ಇವನ್ನು ನಾಟಕದವರು ಮುಟ್ಟಬಾರದು ಅನ್ನೋನು ನಾನು. ನಮ್ಮ ಮನೆಯಲ್ಲಿ ಕೋಲ ಕಟ್ಟಿಸುತ್ತೇವೆ. ಭೂತ ಕಟ್ಟುವವರು ಎಷ್ಟು ವ್ರತದಲ್ಲಿರುತ್ತಾರೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ಕಾಲೇಜಿನ ವೇದಿಕೆ ಮೇಲೆ ಹುಡುಗರು ಅಣಿ ಕಟ್ಟಿಕೊಂಡು ದೈವದ ಹಾಗೆ ಕೂಗಿದ್ದನ್ನು ನೋಡಿ ನನ್ನ ತಾಯಿ ಅರ್ಧಕ್ಕೇ ಎದ್ದು ಹೊರಗೆ ಬಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಮಕ್ಕಳಿಗೆ ಕೆಟ್ಟ ಮನಸ್ಸಿರಲಿಲ್ಲ, ಗೊತ್ತು. ಆದರೂ ಆಗಬಾರದಿತ್ತು.

ನೇಪಾಳದಲ್ಲಿ ಈ ಪ್ರಶ್ನೆ ಬರೋದಿಲ್ಲವಾ?

ತುಂಗೆಯ ತಡಿ

ಬೇಜಾರು ಯಾಕೆ ಅಣ್ಣಾ. ನಿಮ್ಮ ತಾಯಿ ಎದ್ದು ಬಂದಿದ್ದು ಸರಿ ಅಂತಲೇ ನನಗೂ ಅನಿಸುತ್ತೆ.

ಅಲ್ಲೂ ಈ ಪ್ರಶ್ನೆ ಇದೆ. ಕಠ್ಮಂಡು ಹತ್ತಿರದ ಭಕ್ತಪುರದ ನವದುರ್ಗೆಯರನ್ನೇ ತೆಗೆದುಕೊಳ್ಳಿ. ಗಾಥಾ ಅನ್ನೋ ಸಮುದಾಯದವರು ದಸರಾ ಆದಮೇಲೆ ಮುಖವಾಡ ಹಾಕಿಕೊಂಡು ತಿಂಗಳುಗಟ್ಟಲೆ ಊರೂರು, ಕೇರಿ ಕೇರಿ ಕುಣಿಯುತ್ತಾರೆ. ಮಳೆಗಾಲದ ಹೊತ್ತಿಗೆ ಆ ಮುಖವಾಡಗಳನ್ನು ಹೆಣ ಸುಟ್ಟ ಹಾಗೆ ಸುಡುತ್ತಾರೆ. ಆ ಬೂದಿಯನ್ನು ಮುಂದಿನ ವರ್ಷದ ಮಣ್ಣಿಗೆ ಬೆರೆಸಿ ಚಿತ್ರಕಾರರು ಮತ್ತೆ ಹೊಸ ಮುಖವಾಡ ಮಾಡುತ್ತಾರೆ. ಪೇಟೆಯಲ್ಲಿ ಪ್ರವಾಸಿಗರಿಗೆ ಮಾರೋ ಮುಖವಾಡವೂ ಹೆಚ್ಚುಕಮ್ಮಿ ಹಾಗೇ ಕಾಣುತ್ತೆ. ಆದರೆ ಅದರಲ್ಲಿ ಬೂದಿ ಇಲ್ಲ. ನಾಟಕದವರು ಪೇಟೆ ಮುಖವಾಡ ಹಾಕಿ ಕುಣಿದರೆ ನೋಡುವವರಿಗೆ ಬಣ್ಣ ಸಿಗುತ್ತೆ, ಅಷ್ಟೇ.

ಬೆಟ್ಟದ ಗುರುಂಗ್ ಜನರ ಘಾಟು ಕುಣಿತ ಇನ್ನೂ ಸೂಕ್ಷ್ಮ. ಪಸ್ರಾಮು ರಾಜ, ಯಂಫಾವತಿ ರಾಣಿಯ ಕಥೆ. ಇನ್ನೂ ಮೈನೆರೆಯದ ಹುಡುಗಿಯರು ಕಣ್ಣು ಮುಚ್ಚಿಕೊಂಡು, ನಿಧಾನ, ಬಹಳ ನಿಧಾನ ಕುಣಿಯುತ್ತಾರೆ. ಹಿರಿಯರು ಹಾಡುತ್ತಾರೆ. ಹುಡುಗಿಯರ ಮೈಮೇಲೆ ಬಂದಿರುತ್ತೆ ಅಂತ ನಂಬಿಕೆ. ವೈಶಾಖ ಹುಣ್ಣಿಮೆಗೆ ಮುಗಿಯುತ್ತೆ. ಅದನ್ನು ಸಂಜೆ ಆರಕ್ಕೆ ಟಿಕೆಟ್ ಇಟ್ಟು ತೋರಿಸೋಕೆ ಬರೋದಿಲ್ಲ.

ಆದರೆ ಒಬ್ಬ ನಟಿ ಆ ನಿಧಾನವನ್ನು ಕಲಿಯಬಹುದು ಅಲ್ವಾ? ಒಂದು ಕೈ ಎತ್ತೋಕೆ ಒಂದು ಹಾಡಿನ ಸಾಲು ಪೂರ್ತಿ ತೆಗೆದುಕೊಳ್ಳೋದನ್ನು ಕಲಿಯಬಹುದು. ದೇವರನ್ನು ಕರೆಯದೆ, ಆ ವೇಷ ಹಾಕದೆ, ಆ ಹೆಸರು ಹೇಳದೆ. ನಾನು ಗಡಿ ಹಾಕೋದಾದರೆ ಅಲ್ಲಿ ಹಾಕುತ್ತೇನೆ.

ಇನ್ನೊಂದು ವಿಷಯ ಹೇಳಲೇಬೇಕು. ಕಠ್ಮಂಡು ಕಣಿವೆಯ ಹಳೆ ಜನ ನೇವಾರರು, ಅವರ ಸಂಗೀತ, ಕುಣಿತ, ನಾಟಕಕ್ಕೆಲ್ಲ ಒಬ್ಬ ದೇವರಿದ್ದಾನೆ, ನಾಸದ್ಯೊ. ನಮ್ಮ ನಟರಾಜ ಅಂದುಕೊಳ್ಳಿ. ಅವನಿಗೆ ಪೂಜೆ ಆಗದೆ ಹೊಸಬರಿಗೆ ಡೋಲು ಕಲಿಸೋದಿಲ್ಲ, ಹೆಜ್ಜೆ ಕಲಿಸೋದಿಲ್ಲ. ಈ ದೇವರು ನೇರ ದಾರಿಯಲ್ಲೇ ಹೋಗುತ್ತಾನಂತೆ, ತಿರುಗೋದಿಲ್ಲ. ಅವನ ದಾರಿಗೆ ಅಡ್ಡ ಮನೆ ಕಟ್ಟಿದರೆ ಗೋಡೆಯಲ್ಲಿ ಒಂದು ತೂತು ಬಿಡಬೇಕು. ಹಳೆ ಬೀದಿಗಳಲ್ಲಿ ಆ ತೂತುಗಳನ್ನು ಇವತ್ತಿಗೂ ನೋಡಬಹುದು. ಭಕ್ತಪುರದಲ್ಲಿ ಒಂದು ಮನೆಯವರು ನನಗೆ ತೋರಿಸಿದರು. ಇಟ್ಟಿಗೆ ಗೋಡೆ, ನನ್ನ ಭುಜದ ಎತ್ತರ, ಅಂಗೈ ಹೋಗುವಷ್ಟು ಜಾಗ. ಒಳಗೆ ಗೋಡೆಗೆ ಹೊಸ ಬಣ್ಣ ಬಳಿದಿದ್ದರು, ತೂತಿನ ಸುತ್ತ ಕೂಡ ನೀಟಾಗಿ ಬಳಿದಿದ್ದರು, ಮುಚ್ಚಿರಲಿಲ್ಲ. ಚಳಿಗಾಳಿ ಬರೋದಿಲ್ಲವಾ ಅಂತ ಕೇಳಿದೆ. ‘ಬರುತ್ತೆ, ಏನು ಮಾಡೋದು’ ಅಂದರು ಆ ಮನೆಯಾಕೆ.

ಚೌಕಿಮನೆ

ಚೌಕಿಯಲ್ಲಿ ಗಣಪತಿಗೆ ಆರತಿ ಆಗದೆ ಆಟ ಶುರು ಮಾಡೋದಿಲ್ಲ ನಾವು. ತೂತಿನ ವಿಷಯ ಮಾತ್ರ ಹೊಸದು. ನಮ್ಮ ಮನೆಯವರಿಗೂ ಓದಿ ಹೇಳಿದೆ.

ಶಾಸನದ ಬೆನ್ನುಹತ್ತಿ

ಚರ್ಚೆ ಕನ್ನಡದವರದ್ದು, ವಿಷಯ ನೇಪಾಳದ್ದು. ಆದರೆ ಇವೆರಡಕ್ಕೂ ನಿಜವಾದ ನಂಟಿದೆ, ಅದನ್ನು ಹೇಳದೆ ಇರೋಕೆ ಆಗುತ್ತಿಲ್ಲ.

ನೇಪಾಳದ ತರಾಯಿಯಲ್ಲಿ, ಅಂದರೆ ದಕ್ಷಿಣದ ತಗ್ಗು ಬಯಲಲ್ಲಿ, ಬಿಹಾರದ ಗಡಿಗೆ ಹತ್ತಿರ, ಬಾರಾ ಜಿಲ್ಲೆಯಲ್ಲಿ ಸಿಮ್ರೌನ್‌ಗಢ ಅನ್ನೋ ಹಾಳು ಕೋಟೆ ಇದೆ. 1097ರಲ್ಲಿ ಅಲ್ಲಿ ಮಿಥಿಲೆಯ ರಾಜ್ಯ ಕಟ್ಟಿದವನು ನಾನ್ಯದೇವ. ಆ ವಂಶದ ಹೆಸರೇ ಕರ್ಣಾಟ ವಂಶ. ಕಲ್ಯಾಣದ ಚಾಲುಕ್ಯರ ದಂಡಿನ ಜೊತೆ ಉತ್ತರಕ್ಕೆ ಹೋದವರು ಇವರು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಈ ನಾನ್ಯದೇವ ಬರೀ ಕತ್ತಿ ಹಿಡಿದವನಲ್ಲ. ಭರತನ ನಾಟ್ಯಶಾಸ್ತ್ರಕ್ಕೆ ‘ಭರತಭಾಷ್ಯ’ ಅಂತ ವ್ಯಾಖ್ಯಾನ ಬರೆದವನು!

1324ರಲ್ಲಿ ತುಘಲಕ್ ಸೇನೆ ಸಿಮ್ರೌನ್‌ಗಢ ಮುರಿಯಿತು. ಕೊನೆಯ ರಾಜ ಹರಿಸಿಂಹದೇವ ಬೆಟ್ಟದ ಕಡೆ ಓಡಿದ, ದಾರಿಯಲ್ಲೇ ತೀರಿಕೊಂಡ. ರಾಣಿ ದೇವಲದೇವಿ ಭಕ್ತಪುರ ಸೇರಿದಳು. ಅವಳ ಮೊಮ್ಮಗಳು ರಾಜಲ್ಲದೇವಿಯನ್ನು ಮದುವೆಯಾದವನು ಜಯಸ್ಥಿತಿ ಮಲ್ಲ. ಮುಂದೆ ಮಲ್ಲ ರಾಜರು ತಾವು ಕರ್ಣಾಟ ಕುಲದವರು ಅಂತ ಹೆಮ್ಮೆಯಿಂದ ಹೇಳಿಕೊಂಡರು. ಭಕ್ತಪುರದ ಜಗಜ್ಜ್ಯೋತಿ ಮಲ್ಲ, ಜಗತ್ಪ್ರಕಾಶ ಮಲ್ಲ, ಭೂಪತೀಂದ್ರ ಮಲ್ಲ, ಇವರೆಲ್ಲ ನಾಟಕ ಬರೆದವರು. ಮೈಥಿಲಿಯಲ್ಲಿ ಬರೆದರು, ನೇವಾರಿಯಲ್ಲೂ ಆಡಿಸಿದರು.

ತುಂಗೆಯ ತಡಿ ಅವರು ನೋಡಿದ ಡಬಲಿ ಆ ಕಾಲದ ಪದ್ಧತಿಯ ಮುಂದುವರಿಕೆ. ಒಂದು ಎಚ್ಚರಿಕೆ ಕೂಡ ಹೇಳಿಬಿಡುತ್ತೇನೆ. ಇದನ್ನು ಹಿಡಿದುಕೊಂಡು ‘ನೇಪಾಳದ ನಾಟಕ ನಮ್ಮದೇ’ ಅಂತ ಯಾರೂ ಹೊರಡಬೇಡಿ. ಮೂರು ನೂರು ವರ್ಷದಲ್ಲಿ ಆ ಮನೆತನ ಪೂರ್ತಿ ಅಲ್ಲಿಯದಾಗಿತ್ತು. ನಾಟಕ ಆಡಿದವರು ಅಲ್ಲಿಯ ರೈತರು, ಬಣ್ಣದವರು, ಕುಂಬಾರರು.

ಕಡಲತಡಿ

ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡೋ ಭಟ್ಟರು ನಮ್ಮ ಕಡೆಯವರೇ ಅನ್ನೋದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಘಾಟು ಬಗ್ಗೆ ಮೇಡಂ ಹೇಳಿದ್ದನ್ನು ಎರಡು ಸಲ ಓದಿದೆ. ಕೈ ಎತ್ತೋ ನಿಧಾನ ಕಲಿಯೋದು, ವೇಷ ಹಾಕದೆ ಇರೋದು. ಅಷ್ಟಾದರೆ ನನ್ನ ತಾಯಿ ಎದ್ದು ಹೋಗುತ್ತಿರಲಿಲ್ಲ ಅನಿಸುತ್ತೆ. ಆದರೆ ಒಂದು ಮಾತು. ಗುರುಂಗ್ ಹಿರಿಯರನ್ನು ಕೇಳಿ ಕಲಿಯಬೇಕು. ವಿಡಿಯೋ ನೋಡಿ ಅಲ್ಲ.

ತುಂಗೆಯ ತಡಿ

ನೂರಕ್ಕೆ ನೂರು ಸರಿ.

ಜನಕಪುರದ ನೆಂಟ

ನಾನು ತರಾಯಿಯ ಜನಕಪುರದಲ್ಲಿ ಒಂದು ವರ್ಷ ಇದ್ದೆ. ಇಲ್ಲಿ ಎಲ್ಲರೂ ‘ನೇಪಾಳಿ ಪರಂಪರೆ’ ಅಂತ ಒಂದೇ ಗಂಟು ಕಟ್ಟುತ್ತಿದ್ದೀರಿ. ದಯವಿಟ್ಟು ಬಿಡಿಸಿ ನೋಡಿ. ಕಾರ್ತಿಕ ನಾಚ್ ನೇವಾರರದ್ದು. ಘಾಟು ಗುರುಂಗರದ್ದು. ಮಾರುನಿ ಕುಣಿತ ಮಗರ ಜನರದ್ದು. ತರಾಯಿಯಲ್ಲಿ ಮೈಥಿಲಿ, ಭೋಜ್‌ಪುರಿ, ಥಾರು ಭಾಷೆಗಳು. ದಸರಾ ಹೊತ್ತಿಗೆ ಮಿಥಿಲೆಯ ಹೆಂಗಸರು ತೂತಿರೋ ಗಡಿಗೆಯೊಳಗೆ ದೀಪ ಇಟ್ಟು ತಲೆ ಮೇಲೆ ಹೊತ್ತು ಝಿಝಿಯಾ ಕುಣಿಯುತ್ತಾರೆ. ಕತ್ತಲಲ್ಲಿ ದೀಪದ ಚುಕ್ಕಿಗಳು ಮಾತ್ರ ತಿರುಗುತ್ತಿರುತ್ತವೆ. ಅದನ್ನು ನೋಡಿದವರು ಮರೆಯೋದಿಲ್ಲ.

ಜನಕಪುರದಲ್ಲಿ ಮಿಥಿಲಾ ನಾಟ್ಯಕಲಾ ಪರಿಷದ್ 1979ರಿಂದ ಇದೆ, ಮಿನಾಪ್ ಅಂತ ಕರೆಯುತ್ತಾರೆ. ಮೈಥಿಲಿಯಲ್ಲೇ ನಾಟಕ ಮಾಡುತ್ತಾರೆ. ಎಷ್ಟೋ ವರ್ಷ ಸರ್ಕಾರದ ಲೆಕ್ಕದಲ್ಲಿ ನೇಪಾಳಿ ಒಂದೇ ಭಾಷೆ ಆಗಿತ್ತು. ಅಂಥ ಕಡೆ ತಾಯಿಭಾಷೆಯಲ್ಲಿ ನಾಟಕ ಆಡೋದೇ ದೊಡ್ಡ ಪ್ರಯೋಗ. ತುಳು, ಕೊಂಕಣಿ, ಕೊಡವ ನಾಟಕದವರಿಗೆ ಇದು ನಾನು ಹೇಳಬೇಕಾಗಿಲ್ಲ.

ಊರೂರು ಆಟ

ಕಚಹರಿ ನಾಟಕದ ಬಗ್ಗೆ ಒಂದು ಕಷ್ಟದ ಮಾತು ಹೇಳುತ್ತೇನೆ.

ನಾನು ಹನ್ನೆರಡು ವರ್ಷ ಬೀದಿನಾಟಕ ಮಾಡಿದವನು. ಮೊದಮೊದಲು ನಮ್ಮ ದುಡ್ಡಲ್ಲಿ, ನಮ್ಮ ಸಿಟ್ಟಿಗೆ ಮಾಡಿದೆವು. ಆಮೇಲೆ ಒಂದು ಸಂಸ್ಥೆ ದುಡ್ಡು ಕೊಡೋಕೆ ಶುರು ಮಾಡಿತು. ಶೌಚಾಲಯಕ್ಕೆ ಒಂದು ನಾಟಕ, ಬಾಲ್ಯವಿವಾಹಕ್ಕೆ ಒಂದು. ದಿನಕ್ಕೆ ಮೂರು ಆಟ, ಪ್ರತಿ ಆಟಕ್ಕೂ ಫೋಟೊ, ಬಂದ ಜನರ ಸಹಿ. ಒಂದು ಊರಲ್ಲಿ ಒಬ್ಬ ಹೆಂಗಸು ಎದ್ದು ನಿಂತು ‘ನೀರಿಲ್ಲದ ಊರಲ್ಲಿ ಶೌಚಾಲಯಕ್ಕೆ ನೀರು ಯಾರು ಹೊರೋದು?’ ಅಂತ ಕೇಳಿದಳು. ನಮ್ಮ ಬಳಿ ಉತ್ತರ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು, ನಿಲ್ಲೋಕೆ ಸಮಯವೂ ಇರಲಿಲ್ಲ. ಮುಂದಿನ ಊರಿಗೆ ನಾಲ್ಕಕ್ಕೆ ಮುಟ್ಟಬೇಕಿತ್ತು. ಆ ಹೆಂಗಸಿನ ಮುಖ ನನಗೆ ಈಗಲೂ ಕಣ್ಣೆದುರು ಬರುತ್ತೆ. ಮುಂದಿನ ವರ್ಷ ನಾನು ಬಿಟ್ಟೆ.

ನೇಪಾಳದಲ್ಲೂ ವಿದೇಶಿ ನೆರವಿನ ದುಡ್ಡು ಇಂಥ ನಾಟಕಕ್ಕೆ ಬಹಳ ಬಂದಿದೆ ಅಂತ ಓದಿದ್ದೇನೆ. ಅಲ್ಲಿ ಈ ರೋಗ ಹಿಡಿಯಲಿಲ್ಲವಾ?

ತುಂಗೆಯ ತಡಿ

ಹಿಡಿಯಿತು. ನೀವು ಇದನ್ನು ಬರೆದಿದ್ದು ಒಳ್ಳೆಯದಾಯಿತು.

ನೆರವಿನ ದುಡ್ಡು ಬಂದಿತ್ತು, ಗುರುಕುಲಕ್ಕೂ ಬಂದಿತ್ತು. ಆ ದುಡ್ಡಿನಿಂದಲೇ ಕಚಹರಿ ಜಿಲ್ಲೆ ಜಿಲ್ಲೆಗೆ ಹೋಯಿತು. ಜೀತದಿಂದ ಬಿಡುಗಡೆಯಾದ ಥಾರು ಕಮೈಯಾ ಕುಟುಂಬಗಳ ಹುಡುಗ ಹುಡುಗಿಯರೂ ತಮ್ಮದೇ ಕಥೆ ಆಡಿದರು. ಕಮೈಯಾ ಪದ್ಧತಿಯನ್ನು ಸರ್ಕಾರ ರದ್ದು ಮಾಡಿದ್ದು 2000ದ ಜುಲೈ 17ರಂದು. ಕಾಗದದ ಮೇಲೆ ಬಿಡುಗಡೆ ಆಯಿತು, ನೆಲ ಸಿಗಲಿಲ್ಲ. ಆ ಕಥೆಯನ್ನು ಅವರಿಗಿಂತ ಚೆನ್ನಾಗಿ ಯಾರು ಆಡೋಕಾಗುತ್ತೆ?

ಹಾಗೇ, ಮೂರು ಸಾಲಿನ ಸಂದೇಶ ಹೇಳಿ ಕೈ ಮುಗಿದು ಹೋಗೋ ಬೀದಿನಾಟಕಗಳೂ ಬಂದವು. ನಾನೂ ನೋಡಿದ್ದೇನೆ. ಹೇಗೆ ಗೊತ್ತಾಗುತ್ತೆ ಅಂದರೆ, ಅವುಗಳಲ್ಲಿ ಉತ್ತರ ಮೊದಲೇ ಇರುತ್ತೆ. ಜನರನ್ನು ಕರೆಯೋದು ಆ ಉತ್ತರ ಹೇಳಿಸೋಕೆ. ಅಜ್ಜಿಯ ದಿನ ಹಾಗಾಗಲಿಲ್ಲ. ‘ಆಗಲ್ಲ’ ಅಂದವರ ಮಾತಿಗೂ ಅಲ್ಲಿ ಜಾಗ ಇತ್ತು. ನಿಮ್ಮ ಆ ಹೆಂಗಸಿನ ಪ್ರಶ್ನೆ ಇದೆಯಲ್ಲ, ನಿಜವಾದ ಕಚಹರಿ ಶುರುವಾಗಬೇಕಾಗಿದ್ದು ಅಲ್ಲಿಂದಲೇ.

ಗುರುಕುಲ ಬಾಳಿದ್ದು ಹತ್ತೇ ವರ್ಷ. ಜಾಗ ಸ್ವಂತದ್ದಲ್ಲ, ಮೇಲೆ ಸಾಲ. 2012ರ ಹೊತ್ತಿಗೆ ಮುಚ್ಚಿತು. ನಾನು ಆಗ ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೆ. ದೀದಿ ಫೋನಲ್ಲಿ ಹೇಳಿದಾಗ ನಮ್ಮನೆಯದ್ದೇ ಏನೋ ಹೋದ ಹಾಗಾಯ್ತು.

ಆದರೆ ಅಲ್ಲಿ ಕಲಿತವರು ಸುಮ್ಮನೆ ಕೂರಲಿಲ್ಲ. ದಯಾಹಾಂಗ್ ರಾಯ್, ರಾಜನ್ ಖತಿವಡಾ ಮತ್ತು ಗೆಳೆಯರು ಮಂಡಲಾ ಥಿಯೇಟರ್ ಮಾಡಿದರು. ಯುವರಾಜ್ ಘಿಮಿರೆ ಅವರ ಶಿಲ್ಪೀ ಬತ್ತೀಸ್‌ಪುತಲಿಯಲ್ಲಿದೆ, ಬಿಮಲ್ ಸುಬೇದಿ ಥಿಯೇಟರ್ ವಿಲೇಜ್ ಕಟ್ಟಿದರು. ಒಂದು ಮನೆ ಇದ್ದ ಕಡೆ ನಾಲ್ಕಾರು ಮನೆ ಆದವು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪಾಟನ್ ಚೌಕದ ಗುಡಿಗಳು ಉರುಳಿದವು. ಹರಿಶಂಕರ ಗುಡಿ ನೆಲಸಮ ಆಗಿತ್ತು. ನಾನು 2018ರಲ್ಲಿ ಮತ್ತೆ ಹೋದಾಗ ಆ ಚೌಕದಲ್ಲಿ ಮರದ ಕಂಬಗಳನ್ನು ಕೆತ್ತುತ್ತಾ ಕೂತಿದ್ದರು. ಡಬಲಿಯ ಮೇಲೆ ಮಕ್ಕಳು ಬಿಸಿಲು ಕಾಯಿಸುತ್ತಿದ್ದರು. ಕಾರ್ತಿಕ ಇನ್ನೂ ಬಂದಿರಲಿಲ್ಲ.

ಊರೂರು ಆಟ

ಉತ್ತರ ಮೊದಲೇ ಇರುತ್ತೆ ಅಂದಿರಲ್ಲ. ಹೌದು. ಅದೇ. ನಮಗೆ ಉತ್ತರ ಟೈಪ್ ಮಾಡಿಯೇ ಕೊಟ್ಟಿದ್ದರು.

ನಾಲ್ಕನೇ ಕ್ರಾಸ್

ನಾನು ನಾಟಕದವಳಲ್ಲ. ಬೆಂಗಳೂರಲ್ಲಿ ಬ್ಯಾಂಕ್ ಕೆಲಸ. ಆದರೂ ಒಂದು ವಿಷಯ ಹೇಳಬೇಕು ಅನಿಸಿತು.

ನಮ್ಮ ಬೀದಿ ಅಪಾರ್ಟ್‌ಮೆಂಟ್‌ಗಳಲ್ಲಿ ಕಾವಲು ಕೆಲಸ ಮಾಡುವವರು, ಹೋಟೆಲ್ ಅಡುಗೆಯವರು, ತುಂಬಾ ಜನ ನೇಪಾಳದವರು. ಹೋದ ವರ್ಷ ಭಾದ್ರಪದದಲ್ಲಿ ಒಂದು ರಾತ್ರಿ ಪಕ್ಕದ ಖಾಲಿ ಸೈಟಿನಿಂದ ಹಾಡು ಕೇಳಿಸಿತು. ಬಾಲ್ಕನಿಯಿಂದ ನೋಡಿದೆ. ಇಪ್ಪತ್ತು ಮೂವತ್ತು ಜನ ಕೈ ಕೈ ಹಿಡಿದು ಎರಡು ಸಾಲಾಗಿ, ಅರ್ಧ ವೃತ್ತದಲ್ಲಿ ನಿಂತಿದ್ದರು. ಡೋಲಿಲ್ಲ, ಏನಿಲ್ಲ. ಒಂದು ಸಾಲಿನವರು ಒಂದು ಸೊಲ್ಲು ಹಾಡುತ್ತಾರೆ, ಇನ್ನೊಂದು ಸಾಲಿನವರು ಅದಕ್ಕೆ ಉತ್ತರ ಕಟ್ಟಿ ಹಾಡುತ್ತಾರೆ. ಎಲ್ಲರ ಕಾಲೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ಕೆಲವರು ಇನ್ನೂ ಸೆಕ್ಯೂರಿಟಿ ಶರ್ಟಲ್ಲೇ ಇದ್ದರು.

ಮಾರನೇ ದಿನ ನಮ್ಮ ಗೇಟಿನ ದಾಜು (ನೇಪಾಳಿಯಲ್ಲಿ ಅಣ್ಣ) ಅವರನ್ನು ಕೇಳಿದೆ. ದೇಉಡಾ ಅಂದರು. ಅವರ ಊರು ಪಶ್ಚಿಮ ನೇಪಾಳದ ಅಛಾಮ್. ಗೌರಾ ಹಬ್ಬದಲ್ಲಿ ಊರಲ್ಲಿ ರಾತ್ರಿ ಪೂರ್ತಿ ಆಡುತ್ತಾರಂತೆ. ಏನು ಹಾಡಿದಿರಿ ಅಂದರೆ, ‘ಊರಿಗೆ ಕಳಿಸಿದ ದುಡ್ಡು ಮುಟ್ಟಿತಾ ಅಂತ ಈ ಸಾಲು ಕೇಳಿತು. ಮುಟ್ಟಿತು, ನೀನು ಯಾವಾಗ ಮುಟ್ಟುತ್ತೀಯಾ ಅಂತ ಆ ಸಾಲು ಕೇಳಿತು’ ಅಂದರು. ಆ ಸೊಲ್ಲು ಅಲ್ಲೇ, ಆಗಲೇ ಕಟ್ಟಿದ್ದು.

ನಿಮ್ಮ ಚರ್ಚೆ ಓದುತ್ತಾ ಇದ್ದಾಗ ಇದೂ ಕಚಹರಿ ತರಹವೇ ಅಲ್ವಾ ಅನಿಸಿತು.

ತುಂಗೆಯ ತಡಿ

ನೀವು ಬರೆದಿದ್ದು ಓದಿ ಮೈ ಜುಮ್ಮೆಂದಿತು. ದೇಉಡಾ ನಾನು ಕಠ್ಮಂಡುವಿನ ವೇದಿಕೆ ಮೇಲೆ ನೋಡಿದ್ದೆ. ಚೆನ್ನಾಗಿತ್ತು, ಆದರೆ ಅಲ್ಲಿ ಎರಡೂ ಸಾಲು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅದು ಆಡೋ ಹಳ್ಳಿಗಳಲ್ಲಿ ನೋಡೋಕೆ ಆಗಲೇ ಇಲ್ಲ. ಪಶ್ಚಿಮದ ಆ ಕರ್ಣಾಲಿ, ಸುದೂರ್ ಪಶ್ಚಿಮ ಪ್ರಾಂತ್ಯಗಳು ಕಠ್ಮಂಡುವಿನಿಂದ ಬಹಳ ದೂರ.

ಈ ಸಲವೂ ಆಡುತ್ತಾರಾ? ಹೊರಗಿನವರು ನೋಡಬಹುದಾ? ಅವರನ್ನು ಕೇಳಿ ಹೇಳುತ್ತೀರಾ?

ನಾಲ್ಕನೇ ಕ್ರಾಸ್

ಕೇಳಿದೆ. ಬರೋ ಶನಿವಾರ ರಾತ್ರಿ, ಡ್ಯೂಟಿ ಬದಲಾದ ಮೇಲೆ, ಹತ್ತೂವರೆ ಹೊತ್ತಿಗೆ. ನೋಡೋಕೆ ಬರೋದಾದರೆ ಬೇಡವಂತೆ. ‘ಬಂದರೆ ಸಾಲಲ್ಲಿ ನಿಲ್ಲಬೇಕು, ಕೈ ಹಿಡಿಯಬೇಕು’ ಅಂದರು. ಹೆಜ್ಜೆ ಬರದಿದ್ದರೆ ಪಕ್ಕದವರು ಎಳೆದುಕೊಂಡು ಹೋಗುತ್ತಾರಂತೆ.

ಊರೂರು ಆಟ

ನಾನೂ ಬರಬಹುದಾ?

ತುಂಗೆಯ ತಡಿ

ಬನ್ನಿ ಸರ್. ನಾನು ಶನಿವಾರ ಬೆಳಗಿನ ರೈಲಿಗೆ ಟಿಕೆಟ್ ಮಾಡಿದೆ.